ಮೈಯೊಳಗೆ ಹೋದ ಇಂಗಾಲ ಎಲ್ಲಿಗೆ ಹೋಗುತ್ತದೆ?

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಪರದೆಯ ಚಿತ್ರ ತೋರಿಸಿ ಹೇಳಿದ ಕೆಲವು ಮಾತುಗಳನ್ನು ಬಿಟ್ಟಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನ್ಯಾನೋ ಅಂದ ಕೂಡಲೇ ಲೇಸರು, ಪುಟಾಣಿ ರೋಬೋಟು ಇಂಥದ್ದೇನೋ ನೋಡಲು ಸಿಗುತ್ತದೆ ಅಂತ ಬಂದಿರಬಹುದು. ಇವತ್ತಿನ ವಿಷಯ ಕ್ಯಾನ್ಸರ್ ತಪಾಸಣೆ, ಚಿಕಿತ್ಸೆಗಳಲ್ಲಿ ಇಂಗಾಲದ ನ್ಯಾನೋ ಕಣಗಳು. ಲೇಸರ್ ಆಮೇಲೆ ಬರುತ್ತದೆ. ಮೊದಲು ಒಂದು ಕಪ್ಪು ದ್ರವದ ವಿಷಯ ಹೇಳುತ್ತೇನೆ.

ಥೈರಾಯ್ಡ್ ಕ್ಯಾನ್ಸರ್‌ಗೆ ಆಪರೇಷನ್ ಮಾಡುವಾಗ ಸರ್ಜನ್‌ಗೆ ಎರಡು ತಲೆನೋವು. ಕ್ಯಾನ್ಸರ್ ಹರಡಿರಬಹುದಾದ ದುಗ್ಧರಸ ಗ್ರಂಥಿಗಳನ್ನು, ಅಂದರೆ ಲಿಂಫ್ ನೋಡ್‌ಗಳನ್ನು ಹುಡುಕಿ ತೆಗೆಯಬೇಕು. ಅದೇ ಹೊತ್ತಿಗೆ ಥೈರಾಯ್ಡ್‌ನ ಬೆನ್ನಿಗೇ ಅಂಟಿಕೊಂಡಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳನ್ನು ಉಳಿಸಬೇಕು. ಇವು ಸಾಮಾನ್ಯವಾಗಿ ನಾಲ್ಕು ಇರುತ್ತವೆ, ಒಂದೊಂದೂ ಕೆಲವೇ ಮಿಲಿಮೀಟರ್. ಇವುಗಳಿಗೆ ಪೆಟ್ಟಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯುತ್ತದೆ, ಕೈಕಾಲು ಜುಮುಗುಟ್ಟುತ್ತದೆ, ಸ್ನಾಯು ಸೆಳೆಯುತ್ತದೆ. ತೆಗೆಯಬೇಕಾದದ್ದು, ಉಳಿಸಬೇಕಾದದ್ದು ಎರಡೂ ಬರಿಗಣ್ಣಿಗೆ ಹೆಚ್ಚುಕಮ್ಮಿ ಒಂದೇ ತರ ಕಾಣುವುದೇ ಇಲ್ಲಿನ ಕಷ್ಟ.

ಚೀನಾದ ಆಸ್ಪತ್ರೆಗಳಲ್ಲಿ ಇದಕ್ಕೊಂದು ಉಪಾಯ ಬಳಕೆಯಲ್ಲಿದೆ. ಇಂಗಾಲದ ಸಣ್ಣ ಕಣಗಳನ್ನು ದ್ರವದಲ್ಲಿ ತೇಲಿಸಿ, ಅದರ ಒಂದಿಷ್ಟು ಹನಿಯನ್ನು ಥೈರಾಯ್ಡ್‌ಗೆ ಚುಚ್ಚುತ್ತಾರೆ. ಕಣದ ಗಾತ್ರ ಸರಾಸರಿ 150 ನ್ಯಾನೋಮೀಟರ್. ಒಂದು ಮಿಲಿಮೀಟರ್‌ನಲ್ಲಿ 10 ಲಕ್ಷ ನ್ಯಾನೋಮೀಟರ್ ಇರುತ್ತದೆ, ಲೆಕ್ಕ ಹಾಕಿಕೊಳ್ಳಿ. ಈ ಗಾತ್ರ ಸುಮ್ನೆ ಆರಿಸಿದ್ದಲ್ಲ. ಸಣ್ಣ ರಕ್ತನಾಳಗಳ ಗೋಡೆಯಲ್ಲಿರುವ ಸಂದು 20ರಿಂದ 50 ನ್ಯಾನೋಮೀಟರ್. ದುಗ್ಧರಸ ನಾಳಗಳಲ್ಲಿ ಅದು 120ರಿಂದ 500. ಹಾಗಾಗಿ ಕಣಗಳು ರಕ್ತಕ್ಕೆ ನುಗ್ಗಲಾರವು, ದುಗ್ಧರಸದ ದಾರಿ ಹಿಡಿಯುತ್ತವೆ. ಕೆಲವೇ ನಿಮಿಷಗಳಲ್ಲಿ ಥೈರಾಯ್ಡ್ ಮತ್ತು ಅದಕ್ಕೆ ಸೇರಿದ ಲಿಂಫ್ ನೋಡ್‌ಗಳು ಕಪ್ಪಾಗುತ್ತವೆ. ಪ್ಯಾರಾಥೈರಾಯ್ಡ್‌ಗೆ ಈ ದಾರಿಯ ಸಂಪರ್ಕ ಇಲ್ಲ, ಅದು ತನ್ನ ಬಣ್ಣದಲ್ಲೇ ಉಳಿಯುತ್ತದೆ. ಕಪ್ಪಾದದ್ದನ್ನು ತೆಗೆ, ಕಪ್ಪಾಗದ್ದನ್ನು ಮುಟ್ಟಬೇಡ. ಹೊಟ್ಟೆ, ದೊಡ್ಡ ಕರುಳು, ಸ್ತನ ಕ್ಯಾನ್ಸರ್‌ಗಳ ಆಪರೇಷನ್‌ನಲ್ಲೂ ಲಿಂಫ್ ನೋಡ್ ಹುಡುಕಲು ಇದನ್ನು ಬಳಸುತ್ತಾರೆ.

ಇದಕ್ಕಿಂತ ಹಳೆಯದು ಇನ್ನೊಂದಿದೆ. ಕೊಲೊನೊಸ್ಕೋಪಿಯಲ್ಲಿ, ಅಂದರೆ ಕ್ಯಾಮೆರಾ ಇರುವ ಕೊಳವೆ ತೂರಿಸಿ ನೋಡುವಾಗ, ಕರುಳಿನ ಒಳಗೆ ಅನುಮಾನದ ಗಂಟು ಕಂಡರೆ ಅದರ ಪಕ್ಕದಲ್ಲಿ ಇಂಗಾಲದ ಕಣಗಳಿಂದ ಹಚ್ಚೆ ಹಾಕಿ ಬಿಡುತ್ತಾರೆ. ಆಮೇಲೆ ಸಣ್ಣ ರಂಧ್ರದ ಮೂಲಕ ಆಪರೇಷನ್ ಮಾಡುವ ಸರ್ಜನ್‌ಗೆ ಕರುಳನ್ನು ಕೈಯಲ್ಲಿ ತಡವಿ ನೋಡಲು ಆಗುವುದಿಲ್ಲ. ಆಗ ಹೊರಗಿನಿಂದ ಕಾಣುವ ಈ ಕಪ್ಪು ಗುರುತೇ ಗತಿ.

ಇದರಲ್ಲಿ ಥಳುಕು ಏನೂ ಇಲ್ಲ, ಅಲ್ವಾ? ನೊಬೆಲ್ ಬಂದಿಲ್ಲ, ಪತ್ರಿಕೆಯ ಮುಖಪುಟಕ್ಕೂ ಬಂದಿಲ್ಲ. ಆದರೆ ಇಂಗಾಲದ ಸಣ್ಣ ಕಣಗಳು ಕ್ಯಾನ್ಸರ್ ರೋಗಿಗೆ ನಿಜವಾಗಿ ಉಪಯೋಗಕ್ಕೆ ಬಂದಿರುವುದು ಹೆಚ್ಚಾಗಿ ಇಲ್ಲಿ. ಕಣ ಎಲ್ಲಿಗೆ ಹೋಗುತ್ತದೆ, ಎಲ್ಲಿಗೆ ಹೋಗುವುದಿಲ್ಲ ಅನ್ನುವುದು ಇಲ್ಲಿ ಮೊದಲೇ ಗೊತ್ತು. ಸಾಲದ್ದಕ್ಕೆ ಕಪ್ಪಾದ ಭಾಗದ ಬಹುಪಾಲನ್ನು ಸರ್ಜನ್ ಕತ್ತರಿಸಿ ಹೊರಗೇ ತೆಗೆಯುತ್ತಾರೆ. ಇವತ್ತಿನ ನನ್ನ ಮಾತೆಲ್ಲ ಈ ಒಂದು ವಿಷಯದ ಸುತ್ತಲೇ ತಿರುಗುತ್ತದೆ. ಒಳಗೆ ಹೋದದ್ದು ಎಲ್ಲಿಗೆ ಹೋಯಿತು?

ಈಗ ಇಂಗಾಲದ ನ್ಯಾನೋ ಕುಟುಂಬದ ಹೆಸರುವಾಸಿ ಸದಸ್ಯರ ಪರಿಚಯ, ಬೇಗ ಮುಗಿಸುತ್ತೇನೆ. 1985ರಲ್ಲಿ ಹ್ಯಾರಲ್ಡ್ ಕ್ರೋಟೊ, ರಾಬರ್ಟ್ ಕರ್ಲ್, ರಿಚರ್ಡ್ ಸ್ಮಾಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿ ಫುಲ್ಲರೀನ್ ಕಂಡುಹಿಡಿದರು. 60 ಇಂಗಾಲದ ಪರಮಾಣುಗಳು ಸೇರಿ ಆದ ಟೊಳ್ಳು ಗೋಳ ಅದು. 1996ರ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಬಂತು. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಕಾರ್ಬನ್ ನ್ಯಾನೋಟ್ಯೂಬ್‌ಗಳನ್ನು ಜಗತ್ತಿನ ಗಮನಕ್ಕೆ ತಂದರು. ಇಂಥ ಕೊಳವೆಗಳ ಚಿತ್ರಗಳನ್ನು ಸೋವಿಯತ್ ವಿಜ್ಞಾನಿಗಳು 1952ರಲ್ಲೇ ಪ್ರಕಟಿಸಿದ್ದರು. ರಷ್ಯನ್ ಭಾಷೆಯಲ್ಲಿದ್ದ ಆ ಲೇಖನವನ್ನು ಹೊರಗಿನವರು ಹೆಚ್ಚಾಗಿ ಓದಲೇ ಇಲ್ಲ. 2004ರಲ್ಲಿ ಮ್ಯಾಂಚೆಸ್ಟರ್‌ನ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ ಗ್ರಾಫೈಟ್ ಮೇಲೆ ಅಂಟು ಟೇಪ್ ಹಚ್ಚಿ, ಕಿತ್ತು, ಒಂದೇ ಪರಮಾಣು ದಪ್ಪದ ಹಾಳೆಯನ್ನು ಬೇರ್ಪಡಿಸಿದರು. ಅದೇ ಗ್ರಾಫೀನ್. ಆ ಹಾಳೆಯನ್ನು ಚಾಪೆಯ ಹಾಗೆ ಸುರುಳಿ ಸುತ್ತಿದರೆ ನ್ಯಾನೋಟ್ಯೂಬ್ ಅಂದುಕೊಳ್ಳಿ. ಅದೇ 2004ರಲ್ಲಿ ನ್ಯಾನೋಟ್ಯೂಬ್‌ಗಳನ್ನು ಶುದ್ಧ ಮಾಡುತ್ತಿದ್ದವರಿಗೆ, ಕಸದ ಜೊತೆ, ಬೆಳಕು ಸೂಸುವ ಸಣ್ಣ ಚುಕ್ಕೆಗಳು ಸಿಕ್ಕವು. ಈಗ ಅವನ್ನು ಕಾರ್ಬನ್ ಡಾಟ್ ಅನ್ನುತ್ತೇವೆ. ನ್ಯಾನೋಡೈಮಂಡ್ ಅಂತಲೂ ಒಂದಿದೆ. ಮುಚ್ಚಿದ ಕೋಣೆಯಲ್ಲಿ ಸ್ಫೋಟಕ ಸಿಡಿಸಿದಾಗ ಮಸಿಯಲ್ಲಿ ಸಿಗುವ 4-5 ನ್ಯಾನೋಮೀಟರ್‌ನ ವಜ್ರದ ಚೂರು ಅದು.

ಇವುಗಳ ಮೇಲೆ ಕ್ಯಾನ್ಸರ್ ಸಂಶೋಧಕರಿಗೆ ಯಾಕಿಷ್ಟು ಆಸೆ?

ಮೊದಲನೆಯದು ಜಾಗ. ಗ್ರಾಫೀನ್‌ನಲ್ಲಿ ಒಳಗು ಅನ್ನುವುದೇ ಇಲ್ಲ, ಎಲ್ಲ ಪರಮಾಣುವೂ ಮೇಲ್ಮೈಯಲ್ಲೇ ಇರುತ್ತದೆ. ಸಿದ್ಧಾಂತದ ಲೆಕ್ಕದಲ್ಲಿ ಒಂದು ಗ್ರಾಂ ಗ್ರಾಫೀನ್‌ಗೆ ಎರಡೂ ಬದಿ ಸೇರಿ 2630 ಚದರ ಮೀಟರ್ ಮೇಲ್ಮೈ, ಅರ್ಧ ಎಕರೆಗಿಂತ ಜಾಸ್ತಿ. ಔಷಧಿ ಹೊರಿಸಲು ಬೇಕಾದಷ್ಟು ಜಾಗ. ಡಾಕ್ಸೊರುಬಿಸಿನ್ ಅಂತ ಒಂದು ಹಳೆಯ ಕೀಮೋ ಔಷಧಿ ಇದೆ. ಅದರ ಅಣುವಿನ ಒಂದು ಭಾಗ ಚಪ್ಪಟೆ. ಚಪ್ಪಟೆ ಉಂಗುರಗಳು ಗ್ರಾಫೀನ್‌ನ ಉಂಗುರಗಳ ಮೇಲೆ ತಾವಾಗೇ ಒರಗಿ ಕೂರುತ್ತವೆ, ಬೇರೆ ರಾಸಾಯನಿಕ ಅಂಟು ಬೇಕಿಲ್ಲ. ಸುತ್ತ ಆಮ್ಲ ಜಾಸ್ತಿಯಾದರೆ ಈ ಹಿಡಿತ ಸಡಿಲವಾಗುತ್ತದೆ. ಆಮ್ಲವನ್ನು ಅಳೆಯುವ ಅಂಕಿಯೇ ಪಿಎಚ್, ಅದು ಇಳಿದಷ್ಟೂ ಆಮ್ಲ ಜಾಸ್ತಿ. ರಕ್ತದ ಪಿಎಚ್ 7.4. ಗಡ್ಡೆಯ ಸುತ್ತ ಅದು ಸ್ವಲ್ಪ ಕಡಿಮೆ, ಜೀವಕೋಶ ನುಂಗಿದ ಮೇಲೆ ಸೇರುವ ಚೀಲಗಳೊಳಗೆ 5ರ ಹತ್ತಿರ. ಅಂದರೆ ರಕ್ತದಲ್ಲಿ ಹೋಗುವಾಗ ಔಷಧಿ ಅಂಟಿಕೊಂಡಿರುತ್ತದೆ, ಕ್ಯಾನ್ಸರ್ ಕೋಶದೊಳಗೆ ಬಿಟ್ಟುಕೊಳ್ಳುತ್ತದೆ. ಕಾಗದದ ಮೇಲೆ ಇದಕ್ಕಿಂತ ಚೆಂದದ ವ್ಯವಸ್ಥೆ ಬೇರೆ ಇಲ್ಲ.

ಎರಡನೆಯದು ಬೆಳಕು. ನಮ್ಮ ಮೈಯನ್ನು ಕೆಂಪು ದಾಟಿದ ಬೆಳಕು, ಅಂದರೆ ನಿಯರ್ ಇನ್‌ಫ್ರಾರೆಡ್, ಬೇರೆ ಬೆಳಕಿಗಿಂತ ಚೆನ್ನಾಗಿ ಹಾಯುತ್ತದೆ. ನ್ಯಾನೋಟ್ಯೂಬ್, ಗ್ರಾಫೀನ್ ಎರಡೂ ಆ ಬೆಳಕನ್ನು ಹೀರಿ ಬಿಸಿಯಾಗುತ್ತವೆ. 2005ರಲ್ಲಿ ಸ್ಟ್ಯಾನ್‌ಫರ್ಡ್‌ನ ಹೊಂಗ್ಜಿ ದಾಯ್ ಅವರ ತಂಡ ನ್ಯಾನೋಟ್ಯೂಬ್‌ಗೆ ಫೋಲೇಟ್ ಅನ್ನುವ ಬಿ ವಿಟಮಿನ್ ಅಂಟಿಸಿತು. ಕೆಲವು ಕ್ಯಾನ್ಸರ್ ಕೋಶಗಳು ಫೋಲೇಟ್ ಹಿಡಿಯುವ ಗ್ರಾಹಕಗಳನ್ನು ಮೈತುಂಬ ಹೊತ್ತಿರುತ್ತವೆ, ಹಾಗಾಗಿ ಟ್ಯೂಬ್‌ಗಳನ್ನೂ ಒಳಗೆ ಎಳೆದುಕೊಂಡವು. 808 ನ್ಯಾನೋಮೀಟರ್ ಲೇಸರ್ ಬಿಟ್ಟಾಗ ಅವು ಸತ್ತವು, ಟ್ಯೂಬ್ ನುಂಗದ ಕೋಶಗಳು ಬದುಕಿದವು. ಇದು ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮಾತು. 2010ರಲ್ಲಿ ಚೀನಾದ ಜುವಾಂಗ್ ಲಿಯು ಅವರ ತಂಡ ಗ್ರಾಫೀನ್ ಚೂರುಗಳನ್ನು ಇಲಿಗಳ ರಕ್ತಕ್ಕೆ ಕೊಟ್ಟು, ಗಡ್ಡೆಯ ಮೇಲೆ ಲೇಸರ್ ಹಾಯಿಸಿ, ಗಡ್ಡೆಯನ್ನು ಸುಟ್ಟು ತೋರಿಸಿತು. ಅಲ್ಲಿಂದ ಈಚೆಗೆ ಇಂಥ ಪ್ರಯೋಗಗಳ ಪ್ರಬಂಧಗಳು ರಾಶಿ ರಾಶಿ ಬಂದಿವೆ. ನೀವು ಓದುವ 'ನ್ಯಾನೋ ಕಣದಿಂದ ಕ್ಯಾನ್ಸರ್ ಮಾಯ' ಸುದ್ದಿಗಳಲ್ಲಿ ಬಹಳಷ್ಟು ಇದೇ ಜಾತಿಯವು.

ಹಾಗಾದರೆ ಆಸ್ಪತ್ರೆಗೆ ಯಾಕೆ ಬಂದಿಲ್ಲ? ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಇಲಿಯ ಗಡ್ಡೆಯನ್ನು ಸಾಮಾನ್ಯವಾಗಿ ಚರ್ಮದ ಕೆಳಗೇ ಬೆಳೆಸುತ್ತಾರೆ. ಲೇಸರ್ ಒಂದೆರಡು ಮಿಲಿಮೀಟರ್ ದಾಟಿದರೆ ಸಾಕು. ಮನುಷ್ಯನ ಪ್ಯಾಂಕ್ರಿಯಾಸ್ ಇರುವುದು ಹೊಟ್ಟೆಯ ಆಳದಲ್ಲಿ. ನಿಯರ್ ಇನ್‌ಫ್ರಾರೆಡ್ ಚೆನ್ನಾಗಿ ಹಾಯುತ್ತದೆ ಅಂದೆನಲ್ಲ, ಆ ಚೆನ್ನಾಗಿ ಅನ್ನುವುದು ಸೆಂಟಿಮೀಟರ್‌ಗಳ ಲೆಕ್ಕ, ಅದೂ ಪ್ರತಿ ಸೆಂಟಿಮೀಟರ್‌ಗೂ ಬೆಳಕು ಭಾರಿ ಕುಗ್ಗುತ್ತಾ ಹೋಗುತ್ತದೆ. ಗಾತ್ರವನ್ನೂ ನೋಡಿ. 20 ಗ್ರಾಂ ಇಲಿಯಲ್ಲಿ ಒಂದು ಗ್ರಾಂ ಗಡ್ಡೆ ಅಂದರೆ ದೇಹದ ತೂಕದ ಶೇಕಡಾ 5. ಮನುಷ್ಯನಿಗೆ ಹೋಲಿಸಿದರೆ 60 ಕಿಲೋ ಆಸಾಮಿಯಲ್ಲಿ 3 ಕಿಲೋ ಗಡ್ಡೆ! ಅಷ್ಟು ದೊಡ್ಡ ಗುರಿಗೆ ಕಣಗಳು ಹೋಗಿ ಸೇರುವುದರಲ್ಲಿ ಆಶ್ಚರ್ಯ ಏನಿದೆ?

ಹಾಗೆ ನೋಡಿದರೆ ಅಲ್ಲೂ ಅಷ್ಟೇನೂ ಸೇರುವುದಿಲ್ಲ. 2016ರಲ್ಲಿ ಟೊರಾಂಟೊದ ವಾರೆನ್ ಚಾನ್ ಅವರ ತಂಡ ಹಿಂದಿನ 10 ವರ್ಷಗಳ ಪ್ರಬಂಧಗಳನ್ನು ಗುಡ್ಡೆ ಹಾಕಿಕೊಂಡು ಒಂದು ಲೆಕ್ಕ ತೆಗೆಯಿತು. ಚುಚ್ಚಿದ ನ್ಯಾನೋ ಕಣಗಳಲ್ಲಿ ಗಡ್ಡೆಗೆ ತಲುಪುವುದು ಎಷ್ಟು? ಸಿಕ್ಕ ಮಧ್ಯಮ ಅಂಕಿ ಶೇಕಡಾ 0.7. ಅಂದರೆ 1000 ಕಣಗಳಲ್ಲಿ 7. ಇದು ಇಂಗಾಲ ಒಂದರದ್ದೇ ಅಲ್ಲ, ಚಿನ್ನ, ಕೊಬ್ಬು, ಪಾಲಿಮರ್ ಎಲ್ಲ ಬಗೆಯ ಕಣಗಳೂ ಇದರಲ್ಲಿ ಸೇರಿದ್ದವು. ಈ ಕ್ಷೇತ್ರದಲ್ಲಿ ಇದರಷ್ಟು ಕಿರಿಕಿರಿ ಮಾಡಿದ ಅಂಕಿ ಬೇರೆ ಇಲ್ಲ ಅಂತ ನನ್ನ ಲೆಕ್ಕ. ಗಡ್ಡೆಯ ರಕ್ತನಾಳಗಳು ಸೋರುತ್ತವೆ, ಅಲ್ಲಿ ಕಣಗಳು ತಾವೇ ಹೊರಬಂದು ಸೇರಿಕೊಳ್ಳುತ್ತವೆ ಅನ್ನುವುದು 1986ರಿಂದ ನಂಬಿಕೊಂಡು ಬಂದ ಮಾತು. 2020ರಲ್ಲಿ ಅದೇ ತಂಡ ಇನ್ನೊಂದು ಪೆಟ್ಟು ಕೊಟ್ಟಿತು. ಇಲಿಗಳ ಗಡ್ಡೆಯಲ್ಲಿ ಅಂಥ ಸೋರುವ ಸಂದುಗಳು ಬಹಳ ವಿರಳ, ಶೇಕಡಾ 97ರವರೆಗೂ ಕಣಗಳು ನಾಳದ ಗೋಡೆಯ ಕೋಶಗಳ ಮೂಲಕವೇ ದಾಟುತ್ತವೆ ಅಂತ ತೋರಿಸಿತು.

ಉಳಿದ 993 ಎಲ್ಲಿ ಹೋದವು? ಬಹುಪಾಲು ಲಿವರ್‌ಗೆ ಮತ್ತು ಗುಲ್ಮಕ್ಕೆ, ಅಂದರೆ ಸ್ಪ್ಲೀನ್‌ಗೆ. ರಕ್ತಕ್ಕೆ ಬಿದ್ದ ಕ್ಷಣದಿಂದಲೇ ಕಣದ ಮೇಲೆ ಪ್ರೋಟೀನ್‌ಗಳು ಅಂಟಿಕೊಳ್ಳುತ್ತವೆ. ಲ್ಯಾಬಿನಲ್ಲಿ ನಾವು ಅಷ್ಟು ನಾಜೂಕಾಗಿ ಕೂರಿಸಿದ ಫೋಲೇಟ್, ಆಂಟಿಬಾಡಿ ಎಲ್ಲ ಆ ಪದರದ ಕೆಳಗೆ ಹೂತುಹೋಗಬಹುದು. ಲಿವರ್‌ನಲ್ಲಿರುವ ಕುಪ್ಫರ್ ಕೋಶಗಳ ಕೆಲಸವೇ ರಕ್ತದಲ್ಲಿ ತೇಲಿಬರುವ ಪರಕೀಯ ಕಣಗಳನ್ನು ನುಂಗುವುದು. ಅವು ಕ್ಯಾನ್ಸರ್ ಔಷಧಿ, ಬ್ಯಾಕ್ಟೀರಿಯಾ ಅಂತ ಭೇದ ಮಾಡುವುದಿಲ್ಲ. ಕಣ ಬಹಳ ಸಣ್ಣದಿದ್ದರೆ, ಸುಮಾರು 6 ನ್ಯಾನೋಮೀಟರ್‌ಗಿಂತ ಕೆಳಗಿದ್ದರೆ, ಕಿಡ್ನಿ ಸೋಸಿ ಮೂತ್ರದಲ್ಲಿ ಹೊರಹಾಕುತ್ತದೆ. ಕಾರ್ಬನ್ ಡಾಟ್‌ಗಳ ಮೇಲೆ ನನಗೆ ಸ್ವಲ್ಪ ಜಾಸ್ತಿ ನಂಬಿಕೆ ಇರುವುದು ಅದಕ್ಕೇ. ಅವುಗಳಿಗೆ ಹೊರಗೆ ಹೋಗುವ ಬಾಗಿಲಾದರೂ ಇದೆ. ಗಡ್ಡೆಯ ಅಂಚನ್ನು ಬೆಳಗಿಸಿ ತೋರಿಸುವ ಕೆಲಸಕ್ಕೆ ಅವು ಹೇಳಿಮಾಡಿಸಿದ ಹಾಗಿವೆ. ಜೊತೆಗೆ, ಬೆಳಕು ಸೂಸುವ ಹಳೆಯ ಬಗೆಯ ಕ್ವಾಂಟಮ್ ಡಾಟ್‌ಗಳಲ್ಲಿ ಇರುವ ಕ್ಯಾಡ್ಮಿಯಂ ವಿಷದ ಗೋಜು ಇವಕ್ಕಿಲ್ಲ.

ಉದ್ದನೆಯ ನ್ಯಾನೋಟ್ಯೂಬ್‌ಗಳ ಕಥೆ ಬೇರೆ. ಇದನ್ನು ಮೆತ್ತಗೆ ಹೇಳಿ ಪ್ರಯೋಜನ ಇಲ್ಲ. 2008ರಲ್ಲಿ ಬ್ರಿಟನ್ನಿನ ಸಂಶೋಧಕರು ಉದ್ದವಾದ, ಬಹುಪದರದ ನ್ಯಾನೋಟ್ಯೂಬ್‌ಗಳನ್ನು ಇಲಿಗಳ ಹೊಟ್ಟೆಯ ಪೊರೆಗೆ ತಾಗುವಂತೆ ಚುಚ್ಚಿ ನೋಡಿದರು. ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಏನು ಮಾಡುತ್ತದೋ ಅದೇ ತರದ ಉರಿಯೂತ ಮತ್ತು ಗಂಟುಗಳು ಕಂಡವು. ಗಿಡ್ಡ ಟ್ಯೂಬ್‌ಗಳು, ಸಿಕ್ಕುಸಿಕ್ಕಾದ ಟ್ಯೂಬ್‌ಗಳು ಹಾಗೆ ಮಾಡಲಿಲ್ಲ. ನಮ್ಮ ಕಾವಲು ಕೋಶ ಉದ್ದನೆಯ ಗಟ್ಟಿ ನಾರನ್ನು ಪೂರ್ತಿ ನುಂಗಲಾರದು, ಅರ್ಧಕ್ಕೇ ಸಿಕ್ಕಿಕೊಂಡು ಕೆರಳುತ್ತಲೇ ಇರುತ್ತದೆ. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ ಐಎಆರ್‌ಸಿ, ಎಂಡಬ್ಲ್ಯುಸಿಎನ್‌ಟಿ-7 ಅನ್ನುವ ಒಂದು ಬಗೆಯ ಬಹುಪದರದ ಟ್ಯೂಬ್ ಅನ್ನು 2ಬಿ ಗುಂಪಿಗೆ ಸೇರಿಸಿತು. ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದದ್ದು ಅಂತ ಅದರರ್ಥ. ಬೇರೆ ಬಗೆಯ ನ್ಯಾನೋಟ್ಯೂಬ್‌ಗಳ ಬಗ್ಗೆ ತೀರ್ಪು ಕೊಡಲು ಪುರಾವೆ ಸಾಲದು ಅಂತ 3ನೇ ಗುಂಪಿನಲ್ಲಿ ಇಟ್ಟಿತು. ಕ್ಯಾನ್ಸರ್ ಗುಣಮಾಡಲು ತಂದ ವಸ್ತುವೇ ಕ್ಯಾನ್ಸರ್ ತರಬಹುದಾದ ಪಟ್ಟಿಯಲ್ಲಿ! ಆದರೆ ಇಲ್ಲಿ ಬೀಸು ಮಾತು ಬೇಡ. ಉದ್ದ, ಗಡಸುತನ, ಮೇಲಿನ ಲೇಪ, ಒಳಗುಳಿದ ಕಬ್ಬಿಣ ನಿಕ್ಕಲ್‌ನಂಥ ಲೋಹದ ಕಲ್ಮಶ, ಇವೆಲ್ಲ ಸೇರಿ ಅಪಾಯವನ್ನು ನಿರ್ಧರಿಸುತ್ತವೆ. ನ್ಯಾನೋಟ್ಯೂಬ್ ವಿಷವೋ ಅಲ್ಲವೋ ಅಂತ ಕೇಳಿದರೆ, ಯಾವ ನ್ಯಾನೋಟ್ಯೂಬ್ ಅಂತ ನಾನು ತಿರುಗಿ ಕೇಳಬೇಕಾಗುತ್ತದೆ.

ಸಮಾಧಾನದ ಸುದ್ದಿಯೂ ಇದೆ. ನಮ್ಮ ಬಿಳಿ ರಕ್ತಕಣಗಳಲ್ಲಿರುವ ಮೈಲೋಪೆರಾಕ್ಸಿಡೇಸ್ ಅನ್ನುವ ಕಿಣ್ವ ಒಂದು ಪದರದ ನ್ಯಾನೋಟ್ಯೂಬ್‌ಗಳನ್ನು ನಿಧಾನವಾಗಿ ಕೊರೆದು ಕರಗಿಸಬಲ್ಲದು ಅಂತ 2010ರಲ್ಲಿ ಗೊತ್ತಾಯಿತು. 2024ರಲ್ಲಿ ಎಡಿನ್‌ಬರೊ ಮತ್ತು ಮ್ಯಾಂಚೆಸ್ಟರ್ ಸಂಶೋಧಕರು 14 ಸ್ವಯಂಸೇವಕರಿಗೆ ಅತಿ ಶುದ್ಧ, ತೆಳು ಗ್ರಾಫೀನ್ ಆಕ್ಸೈಡ್ ಅನ್ನು, ಅಂದರೆ ಆಮ್ಲಜನಕ ಸೇರಿದ ಗ್ರಾಫೀನ್ ಅನ್ನು, ನಿಯಂತ್ರಿತ ಪ್ರಮಾಣದಲ್ಲಿ ಉಸಿರಾಡಿಸಿ ನೋಡಿದರು. ಶ್ವಾಸಕೋಶ, ರಕ್ತದೊತ್ತಡಗಳಲ್ಲಿ ತಕ್ಷಣದ ತೊಂದರೆ ಕಾಣಲಿಲ್ಲ. ರಕ್ತ ಹೆಪ್ಪುಗಟ್ಟುವ ವಿಷಯದಲ್ಲಿ ಮಾತ್ರ ಬಹಳ ಸಣ್ಣ ವ್ಯತ್ಯಾಸದ ಸುಳಿವಿತ್ತು. ಹದಿನಾಲ್ಕೇ ಜನ, ಕೆಲವೇ ಗಂಟೆ. ಆದರೂ ಇಲಿಯನ್ನು ಬಿಟ್ಟು ಮನುಷ್ಯರ ಮೇಲೆ ಎಚ್ಚರದಿಂದ ಮಾಡಿದ ಮೊದಲ ಅಳತೆಗಳಲ್ಲಿ ಇದೂ ಒಂದು.

ಈಗ ನನ್ನ ಪಕ್ಷಪಾತ ಹೇಳಿಬಿಡುತ್ತೇನೆ. ಇಂಗಾಲದ ನ್ಯಾನೋ ವಸ್ತುಗಳಿಂದ ರೋಗಿಗಳಿಗೆ ಮೊದಲು ಆಗುವ ದೊಡ್ಡ ಲಾಭ ಚಿಕಿತ್ಸೆಯಿಂದ ಬರುವುದಿಲ್ಲ, ತಪಾಸಣೆಯಿಂದ ಬರುತ್ತದೆ. ಕಾರಣ ಸರಳ. ತಪಾಸಣೆಯ ಕಣ ಮೈಯೊಳಗೆ ಹೋಗಬೇಕಾಗಿಯೇ ಇಲ್ಲ. ಲಿವರ್‌ನ ಕಾಟವೂ ಇಲ್ಲ, ಕಲ್ನಾರಿನ ಭಯವೂ ಇಲ್ಲ.

ಎಲ್ಲ ಪರಮಾಣುವೂ ಮೇಲ್ಮೈಯಲ್ಲೇ ಇದೆ ಅಂದೆನಲ್ಲ, ಅದರಿಂದ ಇನ್ನೊಂದು ಅನುಕೂಲ ಇದೆ. ಹತ್ತಿರ ಒಂದು ಅಣು ಬಂದು ಕೂತರೂ ನ್ಯಾನೋಟ್ಯೂಬ್‌ನ ವಿದ್ಯುತ್ ಗುಣ ಅಥವಾ ಅದು ಸೂಸುವ ಬೆಳಕು ಸ್ವಲ್ಪ ಬದಲಾಗುತ್ತದೆ. ಇಸ್ರೇಲಿನ ಟೆಕ್ನಿಯನ್ ವಿಶ್ವವಿದ್ಯಾಲಯದ ಹೊಸಾಮ್ ಹಾಯಿಕ್ ಅವರ ತಂಡ ನ್ಯಾನೋಟ್ಯೂಬ್ ಮತ್ತು ಚಿನ್ನದ ಕಣಗಳ ಸೆನ್ಸರ್‌ಗಳ ಮೇಲೆ ಜನರ ಉಸಿರು ಹಾಯಿಸಿತು. 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 1404 ಜನ, 17 ಕಾಯಿಲೆಗಳು. ಅದರಲ್ಲಿ ಹಲವು ಕ್ಯಾನ್ಸರ್‌ಗಳೂ ಇದ್ದವು. ಕಾಯಿಲೆ ಗುರುತಿಸುವಲ್ಲಿ ಶೇಕಡಾ 86ರಷ್ಟು ಸರಿಯಾಯಿತು.

ನನಗೆ ಅದಕ್ಕಿಂತ ಹಿಡಿಸಿದ್ದು 2022ರ ಅಂಡಾಶಯದ ಕ್ಯಾನ್ಸರ್ ಪ್ರಯೋಗ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯ ಡೇನಿಯಲ್ ಹೆಲ್ಲರ್ ಮತ್ತು ಜೊತೆಗಾರರು ಬೇಕೆಂದೇ ದೋಷ ಕೂರಿಸಿದ ನ್ಯಾನೋಟ್ಯೂಬ್‌ಗಳ ಒಂದು ಗುಂಪನ್ನು ರಕ್ತದ ಸೀರಂಗೆ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಗೆ, ಹಾಕಿದರು. ಒಂದೊಂದು ಟ್ಯೂಬ್ ಒಂದೊಂದು ರೀತಿ ಹೊಳಪು ಬದಲಿಸಿತು. ಯಾವ ಪ್ರೋಟೀನ್ ಹುಡುಕಬೇಕು ಅಂತ ಯಾರೂ ಮೊದಲೇ ಹೇಳಿಕೊಡಲಿಲ್ಲ. ಹೊಳಪಿನ ಒಟ್ಟು ವಿನ್ಯಾಸವನ್ನು ಕಂಪ್ಯೂಟರ್ ಕಲಿತುಕೊಂಡಿತು. ಆರೋಗ್ಯವಂತರಲ್ಲಿ ಶೇಕಡಾ 98ರಷ್ಟು ಜನರನ್ನು ಸರಿಯಾಗಿ ಬಿಟ್ಟು, ರೋಗಿಗಳಲ್ಲಿ ಶೇಕಡಾ 87ರಷ್ಟು ಜನರನ್ನು ಅದು ಹಿಡಿಯಿತು. ಈಗಿರುವ ಸಿಎ-125 ರಕ್ತ ಪರೀಕ್ಷೆ ಮತ್ತು ಅಲ್ಟ್ರಾಸೌಂಡ್ ಜೋಡಿ ಅದೇ 98ರ ಮಟ್ಟದಲ್ಲಿ ಹಿಡಿಯುವುದು ಶೇಕಡಾ 84ರಷ್ಟು ರೋಗಿಗಳನ್ನು.

87, 98 ಅಂದರೆ ಬಹಳ ಚೆನ್ನಾಗಿದೆ ಅನ್ನಿಸುತ್ತದೆ. ಒಂದು ಲೆಕ್ಕ ಮಾಡಿ. ಯಾವ ತೊಂದರೆಯೂ ಕಾಣದ 10,000 ಹೆಂಗಸರಿಗೆ ಈ ಪರೀಕ್ಷೆ ಮಾಡುತ್ತೇವೆ, ಅವರಲ್ಲಿ 4 ಜನರಿಗೆ ರೋಗ ಇದೆ ಅಂದುಕೊಳ್ಳಿ. ನಾಲ್ವರಲ್ಲಿ ಮೂರೋ ನಾಲ್ಕೋ ಜನ ಸಿಗುತ್ತಾರೆ. ಉಳಿದ 9996ರಲ್ಲಿ ಶೇಕಡಾ 2, ಅಂದರೆ ಸುಮಾರು 200 ಜನರಿಗೆ ರೋಗ ಇಲ್ಲದಿದ್ದರೂ ಇದೆ ಅಂತ ಬರುತ್ತದೆ. ಅಂಡಾಶಯದ ವಿಷಯದಲ್ಲಿ ಅನುಮಾನ ತೀರಿಸಲು ಎಷ್ಟೋ ಸಲ ಆಪರೇಷನ್ನೇ ಬೇಕಾಗುತ್ತದೆ. ಹಾಗಾಗಿ ಇದು ಎಲ್ಲರಿಗೂ ಮಾಡುವ ಪರೀಕ್ಷೆ ಆಗಬೇಕಾದರೆ ಆ 98 ಇನ್ನೂ ಮೇಲೆ ಹೋಗಬೇಕು. ಅಪಾಯ ಜಾಸ್ತಿ ಇರುವ ಕುಟುಂಬಗಳಲ್ಲಿ, ಬೇರೆ ಪರೀಕ್ಷೆಗಳ ಜೊತೆ ಬಳಸುವುದಾದರೆ ಲೆಕ್ಕ ಬೇರೆಯಾಗುತ್ತದೆ.

ಎಕ್ಸ್-ರೇ ಯಂತ್ರದ ವಿಷಯ ಎರಡೇ ಮಾತು. ಹಳೆಯ ಎಕ್ಸ್-ರೇ ಟ್ಯೂಬ್‌ನಲ್ಲಿ ಟಂಗ್‌ಸ್ಟನ್ ತಂತಿಯನ್ನು ಕೆಂಡವಾಗಿ ಕಾಯಿಸಿ ಎಲೆಕ್ಟ್ರಾನ್ ಹೊರಡಿಸುತ್ತಾರೆ. ನ್ಯಾನೋಟ್ಯೂಬ್‌ನ ಚೂಪು ತುದಿಯಿಂದ ಎಲೆಕ್ಟ್ರಾನ್‌ಗಳು ಕಾಯಿಸದೆಯೇ, ವಿದ್ಯುತ್ ಕ್ಷೇತ್ರಕ್ಕೇ ಹೊರಡುತ್ತವೆ. ಯಂತ್ರ ಚಿಕ್ಕದಾಗುತ್ತದೆ. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದವರು ಇಂಥ ಹಲವು ಮೂಲಗಳನ್ನು ಸಾಲಾಗಿ ಕೂರಿಸಿ, ಏನೂ ಅಲುಗಾಡದ ಸ್ತನ ಟೊಮೊಸಿಂಥೆಸಿಸ್ ಯಂತ್ರ, ಅಂದರೆ ಬೇರೆ ಬೇರೆ ಕೋನಗಳಿಂದ ಎಕ್ಸ್-ರೇ ತೆಗೆದು ಒಳಗನ್ನು ಪದರ ಪದರವಾಗಿ ತೋರಿಸುವ ಯಂತ್ರ, ಮಾಡಿದರು. ಟ್ಯೂಬ್ ಚಲಿಸದಿದ್ದರೆ ಚಿತ್ರ ಅದರಿಂದ ಮಸುಕಾಗುವುದಿಲ್ಲ. ನ್ಯಾನೋಟ್ಯೂಬ್ ಇರುವ ತಳ್ಳುವ ಎಕ್ಸ್-ರೇ ಯಂತ್ರಗಳು ಆಗಲೇ ಮಾರುಕಟ್ಟೆಯಲ್ಲಿವೆ. ರೋಗಿಗೆ ಅದರಲ್ಲಿ ನ್ಯಾನೋ ಇದೆ ಅಂತ ಗೊತ್ತೂ ಆಗುವುದಿಲ್ಲ.

ಇನ್ನೊಂದು ನಡುದಾರಿ ಇದೆ. ಕಣ ಒಳಗೆ ಹೋಗಬೇಕು, ಆದರೆ ಅಲ್ಲೇ ಉಳಿಯಬಾರದು. 2024ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಮೆದುಳಿನ ಗಡ್ಡೆಯ ಆಪರೇಷನ್ ನಡೆಯುತ್ತಿದ್ದಾಗ ಗ್ರಾಫೀನ್‌ನಿಂದ ಮಾಡಿದ ತೆಳು ವಿದ್ಯುದ್ವಾರದ ಹಾಳೆಯನ್ನು ಮೆದುಳಿನ ಮೇಲೆ ಇಟ್ಟು ಸಂಕೇತಗಳನ್ನು ದಾಖಲಿಸಿದರು. ಮನುಷ್ಯರಲ್ಲಿ ಇದು ಮೊದಲನೆಯ ಸಲ. ಗಡ್ಡೆ ಎಲ್ಲಿ ಮುಗಿಯುತ್ತದೆ, ಮಾತು ಅಥವಾ ಕೈ ಆಡಿಸುವ ಭಾಗ ಎಲ್ಲಿ ಶುರುವಾಗುತ್ತದೆ ಅಂತ ಕೂದಲೆಳೆಯಷ್ಟು ನಿಖರವಾಗಿ ತಿಳಿದರೆ ಸರ್ಜನ್‌ಗೆ ಎಷ್ಟು ಧೈರ್ಯ ಬರುತ್ತದೆ ಯೋಚಿಸಿ. ಕೆಲಸ ಮುಗಿದ ಮೇಲೆ ಹಾಳೆಯನ್ನು ತೆಗೆದುಬಿಡುತ್ತಾರೆ.

ಪ್ರಶ್ನೆಗಳಿಗೆ ಬರೋಣ.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: ಹಾಗಾದರೆ ಚಿಕಿತ್ಸೆಗೆ ಇಂಗಾಲವನ್ನು ಕೈಬಿಡಬೇಕಾ?

ಬೇಡ. ಕೊಬ್ಬಿನ ಗುಳ್ಳೆಯೊಳಗೆ ಡಾಕ್ಸೊರುಬಿಸಿನ್ ತುಂಬಿದ ಔಷಧಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1995ರಲ್ಲಿ. ಈ ಕೊಬ್ಬಿನ ಗುಳ್ಳೆಗಳನ್ನು, ಅಂದರೆ ಲಿಪೊಸೋಮ್‌ಗಳನ್ನು, ಮೊದಲು ವಿವರಿಸಿದ ಮೂರು ದಶಕಗಳ ಮೇಲೆ. ಅದೂ ಹೃದಯಕ್ಕೆ ಆಗುವ ಹಾನಿ ಕಡಿಮೆ ಅನ್ನುವುದೇ ಅದರ ದೊಡ್ಡ ಹೆಚ್ಚುಗಾರಿಕೆ. ಕೊಬ್ಬನ್ನು ಮೈ ಅರಗಿಸಿಕೊಳ್ಳುತ್ತದೆ, ಇಂಗಾಲದ ಜಾಲವನ್ನು ಅಷ್ಟು ಸುಲಭಕ್ಕೆ ಅರಗಿಸದು. ಹಾಗಾಗಿ ಇನ್ನೂ ತಡವಾಗುತ್ತದೆ. ರಕ್ತದ ದಾರಿ ಬಿಟ್ಟು ಗಡ್ಡೆಗೇ ನೇರವಾಗಿ ಚುಚ್ಚುವುದು, ಆಪರೇಷನ್ ಆದ ಜಾಗದಲ್ಲಿ ಜೆಲ್ ಹಚ್ಚುವುದು, ಇಂಥ ದಾರಿಗಳಲ್ಲಿ ಮೊದಲು ಬರಬಹುದು. ನ್ಯಾನೋಡೈಮಂಡ್‌ಗೆ ಡಾಕ್ಸೊರುಬಿಸಿನ್ ಅಂಟಿಸಿದಾಗ, ಔಷಧಿಯನ್ನು ಹೊರದಬ್ಬಿ ಬದುಕುವ ಮೊಂಡು ಗಡ್ಡೆಗಳೂ ಇಲಿಗಳಲ್ಲಿ ಕುಗ್ಗಿದ್ದು 2011ರಲ್ಲೇ ಕಂಡಿದೆ. ಆ ದಾರಿ ಮುಚ್ಚಿಲ್ಲ.

ಇನ್ನೊಬ್ಬರ ಪ್ರಶ್ನೆ: ಆನ್‌ಲೈನ್‌ನಲ್ಲಿ ಫುಲ್ಲರೀನ್ ಎಣ್ಣೆ ಮಾರುತ್ತಾರೆ, ಕ್ಯಾನ್ಸರ್‌ಗೆ ಒಳ್ಳೆಯದು ಅನ್ನುತ್ತಾರೆ. ಇದ್ದಿಲಿನ ಮಾತ್ರೆಯನ್ನೂ ಹೇಳುತ್ತಾರೆ. ತೆಗೆದುಕೊಳ್ಳಬಹುದಾ?

ತೆಗೆದುಕೊಳ್ಳಬೇಡಿ. ಎಣ್ಣೆಯ ಹುಚ್ಚು ಶುರುವಾದದ್ದು 2012ರ ಒಂದು ಸಣ್ಣ ಪ್ರಯೋಗದಿಂದ. ಆಲಿವ್ ಎಣ್ಣೆಯಲ್ಲಿ ಕರಗಿಸಿದ ಫುಲ್ಲರೀನ್ ಕೊಟ್ಟ ಇಲಿಗಳು ಬಹಳ ಹೆಚ್ಚು ಕಾಲ ಬದುಕಿದವು ಅಂತ ಅದರಲ್ಲಿತ್ತು. ಆಮೇಲೆ ಬೇರೆಯವರು ಎಚ್ಚರದಿಂದ ಮಾಡಿ ನೋಡಿದಾಗ ಆಯಸ್ಸು ಹೆಚ್ಚಲಿಲ್ಲ. ಬದಲಿಗೆ ಎಣ್ಣೆಗೆ ಬೆಳಕು ತಾಗಿದ್ದರೆ ಅದು ವಿಷವಾಗುತ್ತದೆ ಅಂತ ಗೊತ್ತಾಯಿತು. ಇದ್ದಿಲಿನ ಮಾತ್ರೆಗೆ ವಿಷ ನುಂಗಿದವರ ಚಿಕಿತ್ಸೆಯಲ್ಲಿ ಜಾಗ ಇದೆ, ಅದನ್ನು ವೈದ್ಯರು ಕೊಡುತ್ತಾರೆ. ಅದರ ಗುಣವೇ ಹೊಟ್ಟೆಯಲ್ಲಿ ಸಿಕ್ಕಿದ್ದನ್ನು ಅಂಟಿಸಿಕೊಳ್ಳುವುದು. ಕೀಮೋ ಮಾತ್ರೆ ನುಂಗುತ್ತಿರುವವರು ಜೊತೆಗೆ ಇದನ್ನೂ ನುಂಗಿದರೆ, ಕೀಮೋ ಮಾತ್ರೆ ರಕ್ತಕ್ಕೆ ಸೇರುವ ಮೊದಲೇ ಇದ್ದಿಲಿಗೆ ಅಂಟಿ ಹೊರಗೆ ಹೋಗಬಹುದು.